ಹಳೆಯ ವಿಲೀಸ್ ಜೀಪಿಗೆ ಎನ್‌ಜಿಕೆ ಬಿ6ಎಸ್ ಪ್ಲಗ್: ಆರು ವರ್ಷಗಳ ಬಳಕೆಯ ನಂತರ

ಆಲ್ದೂರಿನ ಸಮೀಪದ ನಮ್ಮ ತೋಟದಲ್ಲಿ ಗೊಬ್ಬರದ ಮೂಟೆಗಳನ್ನೂ ಕಾಫಿ ಹಣ್ಣನ್ನೂ ಸಾಗಿಸುವುದು ಇಂದಿಗೂ ಹಿಂಭಾಗವನ್ನು ಪಿಕಪ್‌ನಂತೆ ಮಾಡಿಸಿಕೊಂಡಿರುವ ಹಳೆಯ ವಿಲೀಸ್ ಪೆಟ್ರೋಲ್ ಜೀಪೇ. ಅದರ 2.2 ಲೀಟರಿನ, ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನಿಗೆ ಹಿಂದೆ ಚಾಂಪಿಯನ್ ಕಂಪನಿಯ ಜೆ8 ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಹೊತ್ತಿಸುವ ಬಿಡಿಭಾಗ) ಹಾಕುತ್ತಿದ್ದೆವು. ಆರು ವರ್ಷಗಳಿಂದ ಅದಕ್ಕೆ ಸಮನಾದ, ಎನ್‌ಜಿಕೆ ಕಂಪನಿಯ ಬಿ6ಎಸ್ ಬಳಸುತ್ತಿದ್ದೇನೆ.

ಒಮ್ಮೆ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಬಿ6ಎಸ್ ಇಲ್ಲವೆಂದು, "ಎರಡೂ ಒಂದೇ ಸರ್" ಎನ್ನುತ್ತಾ ಬಿ6ಎಚ್‌ಎಸ್ ಕೊಟ್ಟರು. ಅದೇ ಪಾನಾ ಹಿಡಿಯುತ್ತದೆ, ಅದೇ 14 ಮಿ.ಮೀ. ಥ್ರೆಡ್ಡು, ಆದ್ದರಿಂದ ನಾನೂ ನಂಬಿದೆ. ಆದರೆ ಆ 'ಎಚ್' ಅಕ್ಷರ ಹೇಳುವುದು ಥ್ರೆಡ್ಡಿನ ಉದ್ದವನ್ನು: ಬಿ6ಎಸ್‌ನದು 9.5 ಮಿ.ಮೀ., ಇದರದು 12.7. ಹೆಚ್ಚಾದ ಮೂರು ಮಿಲಿಮೀಟರ್ ದಹನಕೋಣೆಯೊಳಗೆ ಚಾಚಿಕೊಂಡು, ಅದರ ಸುತ್ತುಗಳಲ್ಲಿ ಮಸಿ ಗಟ್ಟಿಯಾಗಿ, ನಾಲ್ಕು ತಿಂಗಳ ನಂತರ ಪ್ಲಗ್ ಬಿಚ್ಚುವಾಗ ಎಂಜಿನ್ನಿನ ಹೆಡ್ಡಿನ ಥ್ರೆಡ್ಡನ್ನೂ ಕೆಡಿಸಿತು. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಸರಿಪಡಿಸಲು ಒಂದು ದಿನವೇ ಹಿಡಿಯಿತು. ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ದಿನ ಗಾಡಿ ನಿಂತರೆ ಏನಾಗುತ್ತದೆಂದು ತೋಟದವರಿಗೆ ವಿವರಿಸಬೇಕಿಲ್ಲ.

ಅಕ್ಷರದಂತೆಯೇ ಅಂಕಿಯನ್ನೂ ನೋಡಿಕೊಳ್ಳಬೇಕು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣಗಿರುತ್ತದೆ, ಚಾಂಪಿಯನ್‌ನಲ್ಲಿ ಇದು ತಿರುಗುಮುರುಗು. ಒಂದು ಮಳೆಗಾಲ ಏಳರ ಪ್ಲಗ್ ಹಾಕಿ ನೋಡಿದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ತಾನಾಗಿ ಸುಟ್ಟುಹೋಗುವುದಿಲ್ಲ. ದಿನವಿಡೀ ಒಂದು, ಎರಡನೆಯ ಗೇರಿನಲ್ಲೇ ತೆವಳುವ ನಮ್ಮ ಗಾಡಿಯಲ್ಲಿ ಅಷ್ಟು ಶಾಖ ಹುಟ್ಟಲೇ ಇಲ್ಲ. ಬಿ6ಎಸ್‌ಗೆ ಮರಳಿದ ಮೇಲೆ ತುದಿ ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟ್ ಕಾಫಿಯ ತಿಳಿಕಂದು ಬಣ್ಣಕ್ಕೆ ಬಂತು, ಅದೇ ಸರಿಯಾದ ಬಣ್ಣ.

ಗ್ಯಾಪ್, ಎಂದರೆ ಕಿಡಿ ಹಾರುವ ಎರಡು ಕಡ್ಡಿಗಳ ನಡುವಿನ ಅಂತರ, ಇರಬೇಕಾದದ್ದು 0.030 ಅಂಗುಲ, ಎಂದರೆ 0.76 ಮಿ.ಮೀ. ಡಬ್ಬಿಯಿಂದ ತೆಗೆದ ಪ್ಲಗ್ಗುಗಳೆಲ್ಲ ಅದೇ ಅಳತೆಯಲ್ಲಿರುತ್ತವೆಂದು ನಂಬಬಾರದು. ನನಗೆ ಒಂದೇ ಸೆಟ್ಟಿನಲ್ಲಿ 0.7ರದ್ದೂ 0.8ರದ್ದೂ ಸಿಕ್ಕಿವೆ. ಹೊಸದಕ್ಕೆ ಸಂದಿನ ಅಗಲ ಅಳೆಯುವ ಚಪ್ಪಟೆ ಫೀಲರ್ ಗೇಜ್ ಸಾಕು. ಸವೆದ ಪ್ಲಗ್ಗಿನಲ್ಲಿ ಮಾತ್ರ ಚಪ್ಪಟೆ ಪಟ್ಟಿ ಸವೆದ ಗುಳಿಯ ಮೇಲೆ ಸೇತುವೆಯಂತೆ ಕುಳಿತು ಗ್ಯಾಪನ್ನು ಕಡಿಮೆ ತೋರಿಸುವುದರಿಂದ, ಅಲ್ಲಿ ತಂತಿಯ ಗೇಜನ್ನೇ ಬಳಸುತ್ತೇನೆ. ಬಾಗಿಸಬೇಕಾದದ್ದು ಬದಿಯ ಕಡ್ಡಿಯನ್ನಷ್ಟೇ. ಕೆಲವರು ಮಾಡುವಂತೆ ನಡುವಿನ ಕಡ್ಡಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತದೆ. ಗ್ಯಾಪ್ ಹೆಚ್ಚಿದಂತೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಪಾಯಿಂಟ್ ಎಂಬ ಯಾಂತ್ರಿಕ ಸ್ವಿಚ್ಚಿನಿಂದ ನಡೆಯುವ ಹಳೆಯ ಇಗ್ನಿಷನ್ ವ್ಯವಸ್ಥೆ ಮಂಜು ಕವಿದ ಜುಲೈ ಬೆಳಗಿನಲ್ಲಿ ಅದನ್ನು ಕೊಡಲಾರದು. ಆದುದರಿಂದ ಮಳೆಗಾಲಕ್ಕೆ ಮುನ್ನ ನಾಲ್ಕನ್ನೂ ಬಿಚ್ಚಿ ಅಳೆಯುತ್ತೇನೆ, ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಮೂರನೆಯ ಸಿಲಿಂಡರಿನ ಪ್ಲಗ್ ಎಣ್ಣೆಯಲ್ಲಿ ನೆನೆದು ಬರುತ್ತದೆ; ಅದು ಸವೆದ ಪಿಸ್ಟನ್ ರಿಂಗಿನ ದೋಷ, ಪ್ಲಗ್ಗಿನದಲ್ಲ. ಐದರಲ್ಲಿ ಒಂದು ನಕ್ಷತ್ರ ಕಳೆದಿರುವುದು, ಇದು ಊರಲ್ಲಿ ಸುಲಭವಾಗಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡೆರಡು ಸೆಟ್ ತರಿಸಿಟ್ಟುಕೊಳ್ಳಬೇಕಾಗಿರುವುದಕ್ಕೆ.