ಐರನ್ ಕ್ರಾಸ್ ಅಸಲಿಯೋ ನಕಲಿಯೋ: ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದೆ

ಎರಡನೇ ಮಹಾಯುದ್ಧದ ಜರ್ಮನ್ ಪದಕಗಳಲ್ಲಿ ಜಾಸ್ತಿ ಮಾರಾಟಕ್ಕೆ ಬರುವುದರಲ್ಲಿ ಐರನ್ ಕ್ರಾಸ್ ಎರಡನೇ ದರ್ಜೆಯೂ ಒಂದು. ಆಗ ಲಕ್ಷಗಟ್ಟಲೆ ಸೈನಿಕರಿಗೆ ಕೊಟ್ಟಿದ್ದರು, ಹಾಗಾಗಿ ಅಸಲಿ ಸಿಗುವುದು ಕಷ್ಟವೇನಲ್ಲ. ನಕಲಿಯೂ ಅಷ್ಟೇ ಸಲೀಸಾಗಿ ಸಿಗುತ್ತದೆ. ನಾನು ಹೋಲಿಸಿದ್ದು ಇವನ್ನು: ಯುದ್ಧಕಾಲದ ಅಸಲಿ, 1957ರ ಮಾದರಿ, ಒಂದೇ ತುಂಡಾಗಿ ಎರಕ ಹೊಯ್ದ ಅಗ್ಗದ ನಕಲು, ಮತ್ತೆ ಅಸಲಿಯ ಹಾಗೆಯೇ ಮೂರು ಭಾಗ ಜೋಡಿಸಿದ ಹೊಸ ನಕಲು.

ಮೊದಲು ಅಂಚು ನೋಡಿ, ಮುಖ ಆಮೇಲೆ. ಅಸಲಿಯಲ್ಲಿ ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತುಂಡು ಇರುತ್ತದೆ. ಅದರ ಮುಂದೊಂದು ಹಿಂದೊಂದು ಬೆಳ್ಳಿಯದೋ ಬೇರೆ ಬಿಳಿ ಲೋಹದ್ದೋ ಚೌಕಟ್ಟು ಇಟ್ಟು, ಎರಡನ್ನೂ ಅಂಚಿನಲ್ಲಿ ಬೆಸೆದು, ಉಜ್ಜಿ ನುಣುಪು ಮಾಡುತ್ತಿದ್ದರು. ಅಕ್ಕಸಾಲಿಗರ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಓರೆ ಬೆಳಕಲ್ಲಿ ನೋಡಿದರೆ ಆ ಬೆಸುಗೆಯ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ ಕಾಣುತ್ತದೆ. ಎರಕದ ನಕಲಿನಲ್ಲಿ ಗೆರೆಯೇ ಇಲ್ಲ. ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಸಣ್ಣ ಗುಳಿಗಳಿವೆ, ಪದಕದ ಮೇಲಿನ 1939 ಅನ್ನುವ ಅಂಕಿಗಳ ಅಂಚು ಕರಗಿದಂತಿದೆ. ಇದನ್ನು ಗುರುತಿಸಲು ಅನುಭವವೇ ಬೇಡ.

ಕಾಡುವುದು ಮೂರು ಭಾಗದ ಹೊಸ ನಕಲು. ಇದರಲ್ಲಿ ಗೆರೆಯೂ ಇದೆ, ಕಬ್ಬಿಣವೂ ಇದೆ. ಆದರೆ ಗೆರೆ ದಪ್ಪ, ಒಂದೆರಡು ಕಡೆ ಬಾಯಿ ಬಿಟ್ಟಿದೆ. ಚೌಕಟ್ಟಿನ ಒಳಗಿನ ಮಣಿಸಾಲು, ಅಂದರೆ ಸಾಲಾಗಿರುವ ಸಣ್ಣ ಉಬ್ಬುಗಳನ್ನು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ: ಅಸಲಿಯಲ್ಲಿ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಚೂಪಾಗಿದೆ, ನಕಲಿನಲ್ಲಿ ಮೂಲೆಗೆ ಬಂದಾಗ ಒಂದಕ್ಕೊಂದು ಅಂಟಿಕೊಂಡಿವೆ. ಬಣ್ಣವೂ ಅಷ್ಟೇ, ನಕಲಿನಲ್ಲಿ ದಪ್ಪಗೆ ಹೊಳೆಯುತ್ತದೆ. ಅಸಲಿಯಲ್ಲಿ ಎತ್ತರದ ಭಾಗವಾದ ಸ್ವಸ್ತಿಕದ ಮೇಲೆ ಬಣ್ಣ ಸವೆದು ಬೂದು ಕಬ್ಬಿಣ ಕಾಣುತ್ತದೆ, ಅಲ್ಲಲ್ಲಿ ತುಕ್ಕು ಕೂಡ.

ಮ್ಯಾಗ್ನೆಟ್ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ ಅಲ್ವಾ, ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹೊಸ ನಕಲು ಮ್ಯಾಗ್ನೆಟ್‌ಗೆ ಚೆನ್ನಾಗಿಯೇ ಅಂಟಿತು. ಇನ್ನೊಂದು ಕಡೆ, ಯುದ್ಧಕಾಲದಲ್ಲೇ ಹಿತ್ತಾಳೆಯ ತುಂಡು ಹಾಕಿ ಮಾಡಿದ ಅಸಲಿಗಳಿವೆ, ಅವು ಅಂಟುವುದೇ ಇಲ್ಲ. ಅಂಟಲಿಲ್ಲ ಅಂತ ಸುಮ್ನೆ ಪಕ್ಕಕ್ಕೆ ಎಸೆಯಬೇಡಿ.

1957ರದು ನಕಲಿ ಅಲ್ಲ, ಇದನ್ನು ಒತ್ತಿ ಹೇಳಬೇಕು. ಆ ವರ್ಷ ಪಶ್ಚಿಮ ಜರ್ಮನಿ ಕಾನೂನು ಮಾಡಿ, ಹಳೆಯ ಸೈನಿಕರು ಸ್ವಸ್ತಿಕವಿಲ್ಲದ ಪದಕ ಧರಿಸಬಹುದು ಅಂತ ಒಪ್ಪಿತು. ಅದಕ್ಕೇ ಇದರ ನಡುವೆ ಓಕ್ ಎಲೆಗಳಿವೆ. ಕೆಲಸ ಅಚ್ಚುಕಟ್ಟು. ಲ್ಯೂಡೆನ್‌ಶೈಡ್‌ನ ಸ್ಟೈನ್‌ಹೌವರ್ ಉಂಟ್ ಲ್ಯೂಕ್ ಕಂಪನಿ ಯುದ್ಧಕಾಲದಲ್ಲೂ ಪದಕ ಮಾಡುತ್ತಿತ್ತು, 1957ರ ಮಾದರಿಯನ್ನೂ ಮಾಡಿತು. ಯುದ್ಧಕಾಲದ್ದು ಅಂತ ಯಾರಾದರೂ ಇದನ್ನು ಮಾರಿದರೆ ಮಾತ್ರ ಮೋಸ.

ರಿಬ್ಬನ್ ಪೋಣಿಸುವ ಬಳೆಯ ಮೇಲೆ ಒತ್ತಿದ ತಯಾರಕರ ಸಂಖ್ಯೆಗೆ ಜಾಸ್ತಿ ಬೆಲೆ ಕೊಡಬೇಡಿ. 65 ಅಂದರೆ ಈಡರ್-ಓಬರ್‌ಸ್ಟೈನ್‌ನ ಕ್ಲೈನ್ ಉಂಟ್ ಕ್ವೆಂಟ್ಸರ್ ಕಂಪನಿ, ಸರಿ. ಆದರೆ ನಕಲು ಮಾಡುವವರಿಗೂ ಆ ಸಂಖ್ಯೆ ಗೊತ್ತು, ಮತ್ತೆ ಸಂಖ್ಯೆಯೇ ಇಲ್ಲದ ಅಸಲಿಗಳು ಬೇಕಾದಷ್ಟಿವೆ. ರಿಬ್ಬನ್ನಿಗೆ ಯುವಿ ಟಾರ್ಚ್ ಹಿಡಿದರೆ ಹೊಸ ನಕಲಿನ ಬಿಳಿ ಪಟ್ಟಿ ನೀಲಿಯಾಗಿ ಹೊಳೆಯಿತು, ಅಸಲಿಯದು ಮಂಕಾಗಿಯೇ ಇತ್ತು. ಇದು ರಿಬ್ಬನ್ನಿನ ಪರೀಕ್ಷೆ ಅಷ್ಟೇ. ಹಳೆಯ ಪದಕಕ್ಕೆ ಹೊಸ ರಿಬ್ಬನ್ ಹಾಕಿರಬಹುದು, ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೆಯ ರಿಬ್ಬನ್ನೂ ಹೊಳೆಯಬಹುದು.

ನನ್ನ ಲೆಕ್ಕದಲ್ಲಿ ಅಂಚು ಮತ್ತು ಮಣಿಸಾಲಿಗೆ ಮೊದಲ ಸ್ಥಾನ, ಬಣ್ಣದ ಸವೆತಕ್ಕೆ ಎರಡನೆಯದು, ಉಳಿದದ್ದೆಲ್ಲ ಆಮೇಲೆ. ಜರ್ಮನಿಯಲ್ಲಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ತೋರಿಸಲು ಕಾನೂನಿನ ನಿರ್ಬಂಧವಿದೆ, ಅದಕ್ಕೆ ಅಲ್ಲಿನ ಮಾರಾಟಗಾರರು ಫೋಟೋದಲ್ಲಿ ಅದನ್ನು ಮುಚ್ಚಿರುತ್ತಾರೆ, ಅದು ಸರಿಯೇ. ಆದರೆ ಅಂಚನ್ನು ಮುಚ್ಚಲು ಯಾವ ಕಾರಣವೂ ಇಲ್ಲ. ನಾಲ್ಕೂ ಬದಿಯ ಹತ್ತಿರದ ಫೋಟೋ ಕೇಳಿ. ಕೊಡದಿದ್ದರೆ ಆ ಪದಕ ಕೊಳ್ಳಬೇಡಿ.