ಹಸಿರು ಸೇಬಿನ ಮೂರು ಕಾನ್ಸಂಟ್ರೇಟ್‌ಗಳು: ವೇಪ್ ದ್ರವದಲ್ಲಿ ಒಂದು ಹೋಲಿಕೆ

ಮನೆಯಲ್ಲೇ ವೇಪ್ ದ್ರವ (ಇ-ಸಿಗರೇಟಿನಲ್ಲಿ ಕಾಯಿಸಿ ಆವಿಯಾಗಿ ಎಳೆಯುವ ದ್ರವ) ಬೆರೆಸುವವರಿಗೆ ಹಸಿರು ಸೇಬು ಸುಲಭವಾದ ಫ್ಲೇವರ್ ಎಂದು ತೋರುತ್ತದೆ. ಬೆರೆಸಿ ಕೆಲವು ದಿನ ಇಟ್ಟಮೇಲೆ ಅದರ ಕಷ್ಟ ತಿಳಿಯುತ್ತದೆ. ಹಣ್ಣಿನ ಹುಳಿಗೆ ಮುಖ್ಯ ಕಾರಣ ಮ್ಯಾಲಿಕ್ ಆಮ್ಲ. ಅದು ನಾಲಿಗೆಗೆ ತಿಳಿಯುವ ರುಚಿಯೇ ಹೊರತು ಮೂಗಿಗೆ ತಿಳಿಯುವ ಪರಿಮಳವಲ್ಲ. ಆವಿಯಲ್ಲಿ ನಮಗೆ ದಕ್ಕುವುದು ಬಹುಪಾಲು ಪರಿಮಳವಾದ್ದರಿಂದ, ಹುಳಿಯ ಅನುಭವವನ್ನು ಹಸಿ ಸಿಪ್ಪೆಯ, ಎಲೆಯ ವಾಸನೆಯೇ ಹುಟ್ಟಿಸಬೇಕು. ಸೇಬಿನಲ್ಲಿ ಆ ಹಸಿರು ವಾಸನೆಯನ್ನು ಹೆಕ್ಸನಾಲ್, ಟ್ರಾನ್ಸ್-2-ಹೆಕ್ಸೆನಾಲ್ ಎಂಬ ಆಲ್ಡಿಹೈಡ್‌ಗಳೂ, ಮಾಗಿದ ಹಣ್ಣಿನ ಕಂಪನ್ನು ಹೆಕ್ಸೈಲ್ ಅಸಿಟೇಟ್‌ನಂಥ ಎಸ್ಟರ್‌ಗಳೂ ಕೊಡುತ್ತವೆ. ಈ ಎರಡರ ಹದ ಎಷ್ಟು ಕಾಲ ಉಳಿಯುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಕಾನ್ಸಂಟ್ರೇಟ್‌ನ (ದ್ರವಕ್ಕೆ ಬೆರೆಸುವ ಗಾಢ ಫ್ಲೇವರ್‌ನ) ನಿಜವಾದ ಪರೀಕ್ಷೆ.

ಮೂರನ್ನೂ 70 ಭಾಗ ವೆಜಿಟೇಬಲ್ ಗ್ಲಿಸರಿನ್ ಮತ್ತು 30 ಭಾಗ ಪ್ರೊಪಿಲೀನ್ ಗ್ಲೈಕಾಲ್‌ನ ಒಂದೇ ಬೇಸ್‌ನಲ್ಲಿ, ನಿಕೋಟಿನ್ ಇಲ್ಲದೆ, ಹನಿ ಎಣಿಸುವ ಬದಲು ತೂಕ ಮಾಡಿ ಬೆರೆಸಿದೆ. ಪ್ರತಿ ಫ್ಲೇವರ್‌ಗೂ ದ್ರವ ಹೀರುವ ಹತ್ತಿಯನ್ನು ಹೊಸದಾಗಿ ಹಾಕಿದೆ. ಕೆಲವು ಫ್ಲೇವರ್‌ಗಳು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನ ಟ್ಯಾಂಕನ್ನು ಬಿರುಕು ಬಿಡಿಸುವುದರಿಂದ ಗಾಜಿನ ಟ್ಯಾಂಕನ್ನೇ ಬಳಸಿದೆ.

ಮೊದಲನೆಯದು ಮಿಠಾಯಿ ಬಗೆಯದು. ಬಾಟಲಿಯ ಮುಚ್ಚಳ ತೆಗೆದೊಡನೆ ಕೋಣೆಯೆಲ್ಲ ಹಸಿರು ಸೇಬು ಎನಿಸುವಷ್ಟು ತೀಕ್ಷ್ಣವಾಗಿತ್ತು. ಬೆರೆಸಿದ ದಿನವೇ ಶೇ. 4ರಲ್ಲಿ ಪೂರ್ಣ ರುಚಿ ಕೊಟ್ಟಿತು. ಆದರೆ ದ್ರವವನ್ನು ಹಾಗೆಯೇ ಇಟ್ಟಂತೆ ಮೇಲಿನ ಚುರುಕು ಇಳಿಯುತ್ತ ಹೋಗಿ, ಸೇಬೋ ಪೇರುಹಣ್ಣೋ ಹೇಳಲಾಗದ ಬರಿಯ ಸಿಹಿ ಕಂಪು ಉಳಿಯಿತು. ಆಲ್ಡಿಹೈಡ್‌ಗಳು ಪ್ರೊಪಿಲೀನ್ ಗ್ಲೈಕಾಲ್‌ನೊಂದಿಗೆ ನಿಧಾನವಾಗಿ ಕೂಡಿ ಅಸಿಟಾಲ್ ಎಂಬ ಬೇರೆ ಸಂಯುಕ್ತಗಳಾಗುವುದು ತಿಳಿದ ಸಂಗತಿ. ಹಸಿರು ವಾಸನೆಯೇ ಮೊದಲು ಮಂಕಾದದ್ದಕ್ಕೆ ಅದೂ ಒಂದು ಕಾರಣವಿರಬಹುದು. ಪ್ರಮಾಣವನ್ನು ಶೇ. 8ಕ್ಕೆ ಏರಿಸಿದಾಗ ಸೇಬು ಮರಳಲಿಲ್ಲ, ಗಂಟಲಲ್ಲಿ ಒಗರು ಮಾತ್ರ ಹೆಚ್ಚಿತು.

ಎರಡನೆಯದನ್ನು ಬಾಟಲಿಯಲ್ಲಿ ಮೂಸಿದವರು ಬಹುಶಃ ಕೊಳ್ಳಲಾರರು. ತುಸು ಹುಲ್ಲಿನಂತೆ, ತುಸು ಮೇಣದಂತೆ ಇರುವ ಆ ವಾಸನೆ ಅಷ್ಟೇನೂ ಆಕರ್ಷಕವಲ್ಲ. ಆದರೂ ಶೇ. 5ರಲ್ಲಿ ಬೆರೆಸಿ ಕಾಯ್ದಾಗ, ಹುಲ್ಲಿನ ಒರಟು ಹಿಂದೆ ಸರಿದು ಸಿಪ್ಪೆಸಹಿತ ಕಚ್ಚಿದ ಹಣ್ಣಿನ ಅನುಭವ ಮುಂದೆ ಬಂತು. ಉಸಿರು ಬಿಡುವಾಗಲೂ ಅದು ನಿಂತಿತ್ತು. ಇದರ ಕೊರತೆ ತೆಳುತನ. ಕೆನೆಯ ಫ್ಲೇವರ್‌ಗಳ ಜೊತೆ ಸೇರಿಸಿದರೆ ಇದು ಪೂರ್ತಿ ಅಡಗಿಹೋಗುತ್ತದೆ.

ಮೂರನೆಯದರಲ್ಲಿ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ ಮೊದಲೇ ಸೇರಿದೆ. ರುಚಿ ದುಂಡಗಿದೆ ನಿಜ, ಆದರೆ ದ್ರವ ಕಾಯಿಸುವ ಕಾಯಿಲ್ (ತಂತಿಸುರುಳಿ) ಮೇಲೆ ಕಪ್ಪು ಕರಕಲು ಬೇಗ ಕಟ್ಟಿ ಸುಟ್ಟ ವಾಸನೆ ಬಂತು. ಸಿಹಿ ಬೇಕಾದವರು ಅದನ್ನು ಬೇರೆಯಾಗಿ, ತಮಗೆ ಬೇಕಾದಷ್ಟೇ ಹಾಕಿಕೊಳ್ಳುವುದು ಮೇಲು.

ರುಚಿಗಿಂತ ಮೊದಲು ನೋಡಬೇಕಾದದ್ದು ಪದಾರ್ಥಗಳ ಪಟ್ಟಿ. ಆಹಾರದರ್ಜೆ ಎಂಬ ಮಾತು ತಿನ್ನುವುದಕ್ಕೆ ಸಂಬಂಧಿಸಿದ್ದು, ಉಸಿರಾಡುವುದಕ್ಕಲ್ಲ. ಎಣ್ಣೆ ಆಧಾರಿತ ಮಿಠಾಯಿ ಎಸೆನ್ಸನ್ನು ಎಂದಿಗೂ ಬಳಸಬಾರದು. ಎಣ್ಣೆ ಶ್ವಾಸಕೋಶ ಸೇರಿದರೆ ಲಿಪಾಯ್ಡ್ ನ್ಯುಮೋನಿಯಾ ಉಂಟಾಗಬಹುದು. ಪಾಪ್‌ಕಾರ್ನ್ ಕಾರ್ಖಾನೆಗಳ ಕೆಲಸಗಾರರ ಶ್ವಾಸಕೋಶ ಕಾಯಿಲೆಗೆ ಕಾರಣವೆಂದು ಗುರುತಿಸಲಾದ ಡೈಅಸಿಟೈಲ್ (ಬೆಣ್ಣೆಯ ಪರಿಮಳ ಕೊಡುವ ರಾಸಾಯನಿಕ) ಇಲ್ಲವೆಂಬ ಪರೀಕ್ಷಾ ವರದಿಯನ್ನೂ ಮಾರುವವರಿಂದ ಕೇಳಬೇಕು. ಈ ಮೂರರಲ್ಲಿ ಅಂಥ ವರದಿ ಸಿಕ್ಕದ್ದು ಮೊದಲೆರಡಕ್ಕೆ ಮಾತ್ರ. ವರದಿ ಇದ್ದ ಮಾತ್ರಕ್ಕೆ ಆವಿ ನಿರಪಾಯವಾಗುವುದಿಲ್ಲ. ಧೂಮಪಾನವನ್ನಾಗಲಿ ವೇಪನ್ನಾಗಲಿ ಮುಟ್ಟದವರು ಈ ಹೋಲಿಕೆಯನ್ನು ಆಹ್ವಾನವೆಂದು ತಿಳಿಯಬಾರದು.

ನನ್ನ ಆಯ್ಕೆ ಎರಡನೆಯದು. ಶೇ. 4.5ರಷ್ಟು ಅದನ್ನೂ, ಶೇ. 0.5ರಷ್ಟು ಮೊದಲನೆಯದನ್ನೂ ಸೇರಿಸಿದಾಗ ತೆಳುತನ ಕಡಿಮೆಯಾಯಿತು, ಸಿಪ್ಪೆಯ ಹಸಿರೂ ಕೆಡಲಿಲ್ಲ. ಕೂಡಲೇ ಮುಗಿಸುವ ಸಣ್ಣ ಬಾಟಲಿಯಾದರೆ ಮೊದಲನೆಯದೊಂದೇ ಸಾಕು.