ಬೈಲಕುಪ್ಪೆ ಕ್ಯಾಂಪಿನ ದಂತ ಚಿಕಿತ್ಸಾಲಯ: ಹಲ್ಲಿಗಿಂತ ಮೊದಲು ಮಾತು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರು ತಮ್ಮವರಿಗಾಗಿ ನಡೆಸುತ್ತಿರುವ ಸಣ್ಣ ದಂತ ಚಿಕಿತ್ಸಾಲಯವೊಂದಕ್ಕೆ ದವಡೆ ಹಲ್ಲಿನ ರೂಟ್ ಕೆನಾಲ್‌ಗಾಗಿ ಹೋಗಿ ಬರುತ್ತಿದ್ದೆ. ಸುತ್ತಲಿನ ಊರುಗಳವರನ್ನೂ ಅಲ್ಲಿ ನೋಡುತ್ತಾರೆ. ಉಪಕರಣಗಳು ಸ್ವಚ್ಛವಾಗಿವೆ, ಖರ್ಚು ಪೇಟೆಯ ಖಾಸಗಿ ಕ್ಲಿನಿಕ್ಕುಗಳಿಗಿಂತ ಕಡಿಮೆ, ಹಾಕಿದ ಕ್ಯಾಪ್ ಇಂದಿಗೂ ಗಟ್ಟಿಯಾಗಿದೆ. ಚಿಕಿತ್ಸೆಯ ಬಗ್ಗೆ ಇಷ್ಟು ಸಾಕು. ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಸರದಿಗಾಗಿ ಕಾಯುತ್ತಿದ್ದಾಗ ಕಂಡದ್ದನ್ನು. ರೋಗಿಗೆ ಅರ್ಥವಾಗುವವರೆಗೆ ತಿಳಿಸಿ ಹೇಳುವ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವ ಆಸ್ಪತ್ರೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಶ್ರದ್ಧೆಗೆ ಕಾರಣವಿದೆ. 1959ರ ನಂತರ ಟಿಬೆಟ್ ತೊರೆದು ಬಂದು, ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯೂರಿದವರು ಹುರಿದ ಬಾರ್ಲಿಯ ತ್ಸಂಪಾ ಹಿಟ್ಟು, ಉಪ್ಪು-ಬೆಣ್ಣೆ ಸೇರಿಸಿ ಕಡೆದ ಚಹಾ, ಒಣಗಿಸಿದ ಚೀಸ್ ತಿಂದು ಬೆಳೆದವರು. ಸಕ್ಕರೆ ಅವರಿಗೆ ನಿತ್ಯದ ಪದಾರ್ಥವಾಗಿರಲಿಲ್ಲ. ಹಾಗೆಂದು ಹಳೆಯದೆಲ್ಲ ಹಲ್ಲಿಗೆ ಹಿತವೆಂದಲ್ಲ. ಬಲಿತ ಎಲೆಗಳನ್ನು ಒತ್ತಿ ಮಾಡುವ ಇಟ್ಟಿಗೆ ಚಹಾದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ, ನಮ್ಮ ಪಾವಗಡದವರನ್ನು ಕೊಳವೆಬಾವಿಯ ನೀರಿನ ಮೂಲಕ ಕಾಡುವ ಫ್ಲೋರೋಸಿಸ್, ಅಂದರೆ ಅತಿಯಾದ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ರೋಗ, ಟಿಬೆಟ್‌ನಲ್ಲಿ ಆ ಚಹಾದ ಮೂಲಕವೂ ಬರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಹಾಲು-ಸಕ್ಕರೆಯ ಚಹಾ, ಬಿಸ್ಕತ್ತು, ತಂಪು ಪಾನೀಯಗಳಿಗೆ ಒಗ್ಗಿದರು. ಟೂತ್‌ಬ್ರಷ್ಷು, ಫ್ಲೋರೈಡ್ ಪೇಸ್ಟೂ ಇಲ್ಲಿಯ ಬದುಕಿನ ಜೊತೆಗೇ ಬಂದವು, ನಿಜ. ಆದರೆ ಬಿಸ್ಕತ್ತು ಮನೆ ಹೊಕ್ಕಷ್ಟು ಬೇಗ ಅವುಗಳನ್ನು ಬಳಸುವ ತಿಳಿವಳಿಕೆ ಹೊಗಲಿಲ್ಲ.

ನಾನಿದ್ದಾಗ ಮೊಮ್ಮಗನೊಂದಿಗೆ ಬಂದಿದ್ದ ಅಜ್ಜಿಯೊಬ್ಬರನ್ನು ಕ್ಯಾಂಪಿನಲ್ಲೇ ಬೆಳೆದ ಸಹಾಯಕಿ 'ಮೊ-ಲಾ' (ಅಜ್ಜಿ) ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲು ಕೇಳಿದ್ದು, ಆಮ್ಚಿಯ ಬಳಿ, ಅಂದರೆ ಟಿಬೆಟನ್ ವೈದ್ಯರ ಬಳಿ, ಔಷಧಿ ತೆಗೆದುಕೊಂಡಿದ್ದೀರಾ ಎಂದು. ಹೌದೆಂದಾಗ ಗದರಲಿಲ್ಲ, ಬರೆದುಕೊಂಡರು. ಆಮೇಲೆ ದೊಡ್ಡ ಹಲ್ಲುಸೆಟ್ಟಿನ ಮಾದರಿಯೊಂದನ್ನು ಅಜ್ಜಿಯ ಮಡಿಲಲ್ಲಿಟ್ಟು, ಬ್ರಷ್ಷನ್ನು ಅವರ ಕೈಗೇ ಕೊಟ್ಟು, ಒಸಡಿನ ಅಂಚಿನಲ್ಲಿ ಹೇಗೆ ಆಡಿಸಬೇಕೆಂದು ತೋರಿಸಿದರು. ಮಗುವಿಗೆ ಬಟಾಣಿ ಕಾಳಿನಷ್ಟೇ ಪೇಸ್ಟ್ ಸಾಕೆಂದು ಹಿಂಡಿ ತೋರಿಸಿದರು. ಕೊನೆಗೆ, "ಮನೆಗೆ ಹೋಗಿ ಏನು ಮಾಡುತ್ತೀರಿ, ನೀವೇ ಹೇಳಿ" ಎಂದು ಕೇಳಿದರಂತೆ; ಪಕ್ಕದಲ್ಲಿದ್ದ ಹುಡುಗನೊಬ್ಬ ನನಗದನ್ನು ಕನ್ನಡದಲ್ಲಿ ವಿವರಿಸಿದ. ಅಜ್ಜಿ ಹೇಳುವಾಗ ರಾತ್ರಿ ಮಲಗುವ ಮುಂಚಿನ ಬ್ರಷ್ ಬಿಟ್ಟುಹೋಯಿತು. ಸಹಾಯಕಿ ಆ ಒಂದನ್ನೇ ಮತ್ತೆ ವಿವರಿಸಿದರು. "ಅರ್ಥವಾಯಿತಾ?" ಎಂದರೆ ಯಾರಾದರೂ ತಲೆಯಾಡಿಸುತ್ತಾರೆ, ರೋಗಿಯಿಂದಲೇ ಹೇಳಿಸಿದಾಗ ಮಾತ್ರ ಯಾವುದು ತಲುಪಿಲ್ಲ ಎಂಬುದು ತಿಳಿಯುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಶ್ನೆ ಮತ್ತೊಂದು: "ಈ ವರ್ಷ ಸ್ವೆಟರ್ ವ್ಯಾಪಾರಕ್ಕೆ ಹೋಗುತ್ತೀರಾ?" ಮಳೆಗಾಲದ ಮುಸುಕಿನ ಜೋಳದ ಕೆಲಸ ಮುಗಿದ ಮೇಲೆ ಇಲ್ಲಿನ ಅನೇಕ ಕುಟುಂಬಗಳು ಚಳಿಗಾಲದ ತಿಂಗಳುಗಳನ್ನು ದೂರದ ಪಟ್ಟಣಗಳ ಪಾದಚಾರಿ ಮಾರ್ಗಗಳಲ್ಲಿ ಸ್ವೆಟರ್ ಮಾರುತ್ತ ಕಳೆಯುತ್ತವೆ. ಅರ್ಧಕ್ಕೆ ನಿಂತ ರೂಟ್ ಕೆನಾಲ್ ಆ ತಿಂಗಳುಗಳಲ್ಲಿ ಕೀವಾಗಿ, ಹಲ್ಲನ್ನೇ ಕೀಳಿಸಬೇಕಾಗಿ ಬರಬಹುದು. ಆದ್ದರಿಂದ ಹೊರಡುವವರಿಗೆ ಬೇಗ ಬೇಗ ದಿನಾಂಕ ಕೊಟ್ಟು, ಹೊರಡುವ ಮುನ್ನ ಕೆಲಸ ಮುಗಿಸುತ್ತಾರೆ. ತಮ್ಮ ರೋಗಿಗಳು ಹೇಗೆ ಬದುಕುತ್ತಾರೆಂದು ಬಲ್ಲವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಬಾಯಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದೆಲ್ಲ ಕಾಗದಕ್ಕೆ ಬರುವಾಗ ಇಂಗ್ಲಿಷ್ ಆಗುತ್ತದೆ: ಒಪ್ಪಿಗೆ ಪತ್ರ, ಮಾತ್ರೆಯ ಚೀಟಿ, ಮುಂದಿನ ದಿನಾಂಕ ಎಲ್ಲವೂ. ಅಜ್ಜಿಗೆ ಟಿಬೆಟನ್ನಿನಲ್ಲಿ, ಹಳ್ಳಿಯಿಂದ ಬರುವ ನಮ್ಮವರಿಗೆ ಕನ್ನಡದಲ್ಲಿ ಒಂದು ಪುಟ ಮುದ್ರಿಸುವುದು ದೊಡ್ಡ ಖರ್ಚಲ್ಲ. ಕ್ಲಿನಿಕ್ ಹಗಲಿನಲ್ಲಷ್ಟೇ ತೆರೆದಿರುವುದರಿಂದ ಪಾಠ, ತರ್ಕಗೋಷ್ಠಿಗಳ ನಡುವೆ ಇಲ್ಲಿನ ಬೌದ್ಧ ಮಠಗಳ ಕಿರಿಯ ಭಿಕ್ಷುಗಳಿಗೆ ಬಿಡುವು ಸಿಗುವುದು ಕಷ್ಟ. ಅದಕ್ಕಿಂತ ಗಂಭೀರವಾದದ್ದು, ಸಿಹಿ ಕಡಿಮೆ ಮಾಡೆಂಬ ಸಲಹೆಯನ್ನು ಮಠದ ಹತ್ತು ವರ್ಷದ ಭಿಕ್ಷು ಹುಡುಗನಿಗೆ ಮಾತ್ರ ಕೊಟ್ಟು ಕಳಿಸುವುದು. ಸೇವಿಸುವ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮಠದ ಹಂಡೆಯಲ್ಲಿ ಕುದಿಯುವ ಚಹಾಕ್ಕೆ ಎಷ್ಟು ಸಕ್ಕರೆ ಸುರಿಯಬೇಕೆಂದು ತೀರ್ಮಾನಿಸುವವನು ಆ ಹುಡುಗನಲ್ಲ. ಕ್ಲಿನಿಕ್ಕಿನವರು ಅಡುಗೆಮನೆಯ ಉಸ್ತುವಾರಿಗಳೊಂದಿಗೆ ಮಾತಾಡದೆ ಹುಳುಕು ಹಲ್ಲುಗಳ ಸರದಿ ಕರಗುವುದಿಲ್ಲ. ಇದನ್ನು ಅಲ್ಲಿನ ವೈದ್ಯರಿಗೂ ಹೇಳಿದ್ದೇನೆ, ಗಮನವಿಟ್ಟು ಕೇಳಿಸಿಕೊಂಡರು.

ಸುತ್ತಲಿನವರಿಗೆ ಈ ಕ್ಲಿನಿಕ್ಕನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬೆಳಿಗ್ಗೆ ಬೇಗ ಹೋಗಿ. ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ. ಮಾತ್ರೆಯ ಚೀಟಿಯನ್ನು ಅಲ್ಲೇ ಓದಿಸಿಕೊಂಡು, ಯಾವುದು ಯಾವ ಹೊತ್ತಿಗೆಂದು ಕನ್ನಡದಲ್ಲಿ ಬರೆದುಕೊಂಡು ಬನ್ನಿ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.